ನೆತ್ತರುಗೊಡಗೆಯಿಂದ ವಿಶ್ರಾಂತಿವೇತನದವರೆಗೆ: ಅಂಗಹಾನಿಯ ಪರಿಹಾರ ಮತ್ತು ಅದರ ತೆರಿಗೆ

ಪುಣೆ ಕ್ಯಾಂಪಿನ ಅಂಚಿನಲ್ಲಿ ಗೋಳೀಬಾರ ಮೈದಾನವೆಂಬ ಪ್ರದೇಶವುಂಟು. ಗುಂಡು ಹಾರಿಸುವ ಬಯಲು ಎಂಬುದು ಆ ಹೆಸರಿನ ಅರ್ಥ. ಭಾರತದ ಭೂಸೇನೆಯ ಅಧಿಕಾರಿಗಳೆಲ್ಲರ ವೇತನದ ಲೆಕ್ಕವನ್ನಿಡುವ ರಕ್ಷಣಾ ಲೆಕ್ಕಪತ್ರ ಇಲಾಖೆಯ ಕಚೇರಿಯಿರುವುದು ಇಲ್ಲಿಯೇ. ಅಧಿಕಾರಿಯು ಲಡಾಖಿನ ಹಿಮದಲ್ಲಿರಲಿ, ರಾಜಸ್ಥಾನದ ಮರಳಿನಲ್ಲಿರಲಿ, ಅವನ ವೇತನವೂ ಆ ವೇತನದಿಂದ ಮುರಿದುಕೊಳ್ಳುವ ವರಮಾನ ತೆರಿಗೆಯೂ ಇಲ್ಲಿಯೇ ಗಣಿತವಾಗುವುವು. ಅಲ್ಲಿಂದ ವಾನವಡಿಯ ಕಡೆಗೆ ಸಾಗಿದರೆ 1944ರಲ್ಲಿ ಸ್ಥಾಪಿತವಾದ ಕೃತಕಾಂಗ ಕೇಂದ್ರವು ಸಿಗುತ್ತದೆ. ಒಂದೆಡೆ ಕಳೆದುಹೋದ ಕಾಲಿಗೆ ಬದಲಾಗಿ ಇನ್ನೊಂದು ಕಾಲನ್ನು ಜೋಡಿಸುವರು. ಇನ್ನೊಂದೆಡೆ ಹಣದ ಲೆಕ್ಕವನ್ನು ಜೋಡಿಸುವರು. ಈ ಎರಡು ಕಟ್ಟಡಗಳ ನಡುವಣ ದಾರಿ ಚಿಕ್ಕದು. ಆದರೆ ಆ ದಾರಿಯಲ್ಲಿ ಹುಟ್ಟಿದ ಪ್ರಶ್ನೆಯೊಂದು ನೂರು ವರ್ಷಗಳಿಂದಲೂ ಪೂರ್ಣವಾಗಿ ಬಗೆಹರಿದಿಲ್ಲ. ದೇಹದ ಒಂದು ಭಾಗ ನಷ್ಟವಾದುದಕ್ಕಾಗಿ ರಾಜ್ಯವು ಕೊಡುವ ಹಣ ವರಮಾನವೆನಿಸುವುದೆ, ಅಥವಾ ತೀರಿಸಬೇಕಾದ ಋಣವೆನಿಸುವುದೆ? ಋಣವಾದರೆ ಅದರ ಮೇಲೆ ತೆರಿಗೆ ಹಾಕುವುದು ಸಲ್ಲದು. ವರಮಾನವಾದರೆ ಬಿಡುವುದು ಸಲ್ಲದು. ಅಂಗಹಾನಿಯ ಪರಿಹಾರದ ಇತಿಹಾಸವೆಲ್ಲ ಈ ಪ್ರಶ್ನೆಯ ಸುತ್ತಲೇ ಬೆಳೆದಿದೆ.

ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. ಕನ್ನಡ ನಾಡಿನ ಶಾಸನಗಳಲ್ಲಿ ‘ನೆತ್ತರುಗೊಡಗೆ’, ‘ಬಾಳ್ಗಳ್ಚು’, ‘ಕಲ್ನಾಡು’ ಮುಂತಾದ ಶಬ್ದಗಳು ಬಳಕೆಯಾಗಿವೆ. ನೆತ್ತರುಗೊಡಗೆಯೆಂದರೆ ಸುರಿಸಿದ ರಕ್ತಕ್ಕಾಗಿ ಕೊಟ್ಟ ಭೂಮಿ. ಬಾಳ್ಗಳ್ಚೆಂದರೆ ಬಾಳನ್ನು, ಅಂದರೆ ಖಡ್ಗವನ್ನು, ತೊಳೆದು ಕೊಟ್ಟ ಮಾನ್ಯ. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಪ್ರಸಿದ್ಧ ವೀರಗಲ್ಲು ಇದಕ್ಕೆ ಒಳ್ಳೆಯ ನಿದರ್ಶನ. ಗಂಗರ ಎರೆಯಪ್ಪನ ಪರವಾಗಿ ವೀರಮಹೇಂದ್ರನೊಡನೆ ಕಾದಿ ನಾಗತ್ತರನು ಮಡಿದನು. ರಾಜನು ಆ ನಾಗತ್ತರನ ಪದವಿಯನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಆ ಕಲ್ಲಿನಿಂದ ತಿಳಿಯುತ್ತದೆ. ಇಂತಹ ಕೊಡುಗೆಗಳಲ್ಲಿ ಹೆಚ್ಚಿನವು ಸತ್ತವರ ಮನೆತನಕ್ಕೆ ಸಂದವು; ಬದುಕುಳಿದ ಗಾಯಾಳುವಿಗಾಗಿ ಕಲ್ಲು ನಿಲ್ಲಿಸಿದ ಸಂದರ್ಭಗಳು ವಿರಳ. ಆದರೂ ಒಂದು ಸಂಗತಿಯನ್ನು ಇಲ್ಲಿ ಲಕ್ಷಿಸಬೇಕು. ಮಧ್ಯಯುಗದ ದಾನಪತ್ರಗಳಲ್ಲಿ ‘ಸರ್ವಮಾನ್ಯ’, ‘ಸರ್ವಬಾಧಾಪರಿಹಾರ’ ಎಂಬ ಮಾತುಗಳು ದಾನದ ಜೊತೆಯಲ್ಲಿಯೇ ಬರುತ್ತವೆ. ಭೂಮಿಯನ್ನು ಕೊಟ್ಟ ಕೈಯೇ ಅದರ ಮೇಲಿನ ತೆರಿಗೆಯನ್ನೂ ಬಿಡುತ್ತಿದ್ದಿತು; ಕೊಡುಗೆ ಒಂದು ಕಡೆ, ವಿನಾಯಿತಿ ಇನ್ನೊಂದು ಕಡೆ ಎಂಬ ಭೇದವಿರಲಿಲ್ಲ.

ಪೇಶವೆಗಳ ಕಾಲದ ಪುಣೆಯಲ್ಲಿಯೂ ಇದಕ್ಕೆ ಸಮಾನವಾದ ಪದ್ಧತಿಯಿದ್ದಿತು. ಯುದ್ಧದಲ್ಲಿ ಮಡಿದ ಸೈನಿಕನ ಮಕ್ಕಳ ಪೋಷಣೆಗೆ ಕೊಡುತ್ತಿದ್ದ ಧನಕ್ಕೆ ‘ಬಾಲಪರವೇಶಿ’ಯೆಂದು ಹೆಸರು. 1817ರ ನವೆಂಬರ್ 5ರಂದು ಖಡಕಿಯಲ್ಲಿ ನಡೆದ ಕದನದಲ್ಲಿ ಪೇಶವೆಯ ಸೈನ್ಯವು ಹಿಮ್ಮೆಟ್ಟಿತು. ಅನಂತರ ಇಂಗ್ಲಿಷರು ನಗರದ ಹೊರಗೆ ನೆಲೆಗೊಳಿಸಿದ ದಂಡಿನ ಪ್ರದೇಶವೇ ಇಂದಿನ ಪುಣೆ ಕ್ಯಾಂಪು. ಅವರೊಡನೆ ಕಂಪನಿಯ ನಿಯಮಗಳೂ ಇಲ್ಲಿಗೆ ಬಂದವು. ಕಂಪನಿಯು 1770ರಲ್ಲಿಯೇ ರಾಬರ್ಟ್ ಕ್ಲೈವನ ಹೆಸರಿನ ನಿಧಿಯೊಂದನ್ನು ಏರ್ಪಡಿಸಿ, ತನ್ನ ಐರೋಪ್ಯ ಸೈನಿಕರಲ್ಲಿ ಅಶಕ್ತರಾದವರಿಗೂ ಅವರ ವಿಧವೆಯರಿಗೂ ವೇತನ ಕೊಡುತ್ತಿದ್ದಿತು. ದೇಶೀಯ ಸಿಪಾಯಿಗಳಲ್ಲಿ ಅಶಕ್ತರಾದವರನ್ನು ಬಿಹಾರದ ಕೆಲವು ಭಾಗಗಳಲ್ಲಿ ಭೂಮಿ ಕೊಟ್ಟು ನೆಲೆಗೊಳಿಸಿದುದೂ ಉಂಟು. ಆದರೆ ಭೂಮಿಯ ಸ್ಥಾನದಲ್ಲಿ ನಗದು ಬಂದಂತೆ ಕೊಡುಗೆಯ ಸ್ವರೂಪವು ಬದಲಾಯಿತು. ಭೂಮಿಯು ಮನೆತನದ ಸ್ವತ್ತು. ತಿಂಗಳ ಹಣವಾದರೋ ಕೊಡುವವನ ಇಚ್ಛೆಗೆ ಒಳಪಟ್ಟದ್ದು.

ಈ ಇಚ್ಛೆಗೆ ಶಾಸನದ ರೂಪ ಬಂದುದು 1871ರ ವಿಶ್ರಾಂತಿವೇತನಗಳ ಕಾಯಿದೆಯಲ್ಲಿ. ಆ ಕಾಯಿದೆ ಎರಡು ಕೆಲಸಗಳನ್ನು ಮಾಡಿತು. ಸಾಲಗಾರನ ವಿಶ್ರಾಂತಿವೇತನವನ್ನು ಸಾಲ ಕೊಟ್ಟವರು ಜಪ್ತಿ ಮಾಡಿಸದಂತೆ ರಕ್ಷಣೆ ಕೊಟ್ಟಿತು. ಜೊತೆಗೆ ಸರ್ಕಾರ ಕೊಡುವ ವಿಶ್ರಾಂತಿವೇತನದ ಬಗ್ಗೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡದಂತೆ ತಡೆಯನ್ನೂ ಒಡ್ಡಿತು. ಸಾಹುಕಾರನಿಂದ ಸೈನಿಕನನ್ನು ಕಾಪಾಡಿದ ಕಾಯಿದೆಯೇ ಸರ್ಕಾರವನ್ನು ಸೈನಿಕನಿಂದ ಕಾಪಾಡಿತೆಂದು ಹೇಳಿದರೆ ತಪ್ಪಾಗದು. ವಿಶ್ರಾಂತಿವೇತನವು ಅನುಗ್ರಹವೇ ಹೊರತು ಹಕ್ಕಲ್ಲವೆಂಬ ಭಾವನೆಗೆ ಇದು ಬುನಾದಿಯಾಯಿತು. ಸರ್ವೋಚ್ಚ ನ್ಯಾಯಾಲಯವು 1971ರಲ್ಲಿ ದೇವಕಿನಂದನ ಪ್ರಸಾದ್ ಪ್ರಕರಣದಲ್ಲಿಯೂ, 1982ರ ಡಿಸೆಂಬರ್ 17ರಂದು ನಾಕರಾ ಪ್ರಕರಣದಲ್ಲಿಯೂ ಇದು ಹಕ್ಕೆಂದು ಸಾರುವವರೆಗೆ ಆ ಭಾವನೆ ಆಡಳಿತದಲ್ಲಿ ಬೇರೂರಿದ್ದಿತು.

ತೆರಿಗೆಯ ಕಥೆ ಇದರ ಪಕ್ಕದಲ್ಲಿಯೇ ನಡೆಯುತ್ತದೆ. ಭಾರತದಲ್ಲಿ ವರಮಾನ ತೆರಿಗೆಯನ್ನು ಜೇಮ್ಸ್ ವಿಲ್ಸನನು ಮೊದಲಿಗೆ ವಿಧಿಸಿದುದು 1860ರಲ್ಲಿ. 1857ರ ದಂಗೆಯನ್ನು ಅಡಗಿಸಲು ಆದ ವೆಚ್ಚದಿಂದ ಬರಿದಾದ ಬೊಕ್ಕಸವನ್ನು ತುಂಬುವುದು ಅದರ ಉದ್ದೇಶ. ಎಂದರೆ ಈ ತೆರಿಗೆ ಹುಟ್ಟಿದುದೇ ಯುದ್ಧದ ಸಾಲದಿಂದ. ಆ ಯುದ್ಧಕ್ಕಿಂತಲೂ ಎಷ್ಟೋ ಪಾಲು ಘೋರವಾದ ಪ್ರಥಮ ಮಹಾಯುದ್ಧವು ಬಂದಾಗ, ಮೆಸೊಪೊಟೇಮಿಯಾ ಮತ್ತು ಫ್ರಾನ್ಸಿನ ರಣರಂಗಗಳಿಂದ ಕೈಕಾಲು ಕಳೆದುಕೊಂಡ ಭಾರತೀಯ ಸೈನಿಕರು ಮುಂಬಯಿ ಬಂದರಿನಲ್ಲಿ ಇಳಿಯತೊಡಗಿದರು. ಕೂಟ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಕೊಂಡವರಲ್ಲಿ ಮರಾಠಾ ಪಡೆಗಳವರೂ ಇದ್ದರು. ಆ ಪಡೆಗಳ ಪರಂಪರೆಯ ಮರಾಠಾ ಲಘು ಪದಾತಿದಳದ ಕೇಂದ್ರವು ಇಂದು ಬೆಳಗಾವಿಯಲ್ಲಿದೆ. ಪುಣೆಯಲ್ಲಿ ಪ್ರಧಾನ ಕಚೇರಿಯುಳ್ಳ ದಕ್ಷಿಣ ಕಮಾಂಡಿನ ವ್ಯಾಪ್ತಿಯಲ್ಲಿ ಬೆಳಗಾವಿಯ ದಂಡೂ ಸೇರಿರುವುದರಿಂದ, ಗಾಯಗೊಂಡ ಕನ್ನಡಿಗ ಸೈನಿಕನಿಗೂ ಪುಣೆಗೂ ಉಂಟಾದ ಸಂಬಂಧವು ಆಕಸ್ಮಿಕವಲ್ಲ.

ಈ ಗಾಯಾಳುಗಳಿಗೆ ಉದ್ಯೋಗ ಕಲಿಸುವುದಕ್ಕಾಗಿ 1917ರಲ್ಲಿ ಮುಂಬಯಿಯಲ್ಲಿ ಲೇಡಿ ವಿಲಿಂಗ್‌ಡನ್ನಳ ಪ್ರಯತ್ನದಿಂದ ಕ್ವೀನ್ ಮೇರಿ ತಾಂತ್ರಿಕ ಶಾಲೆಯು ಸ್ಥಾಪಿತವಾಯಿತು. ಮುಂದೆ ಅದು ಪುಣೆಯ ಖಡಕಿಗೆ ವರ್ಗವಾಗಿ ಅಲ್ಲಿಯೇ ನೆಲೆಸಿತು. ಹೊಲಿಗೆ, ಬಡಗಿತನ, ಯಂತ್ರಗಳ ದುರಸ್ತಿ ಮುಂತಾದ ಕಸುಬುಗಳಿಂದ ಬದುಕನ್ನು ಮತ್ತೆ ಕಟ್ಟಿಕೊಳ್ಳಬಹುದೆಂಬ ನಂಬಿಕೆ ಅದರ ಹಿಂದಿತ್ತು. ಆದರೆ ಕಸುಬು ಕಲಿತು ದುಡಿಯುವವನಿಗೆ ಗಾಯದ ವೇತನವೂ ಬರುತ್ತಿದ್ದರೆ, ಎರಡನ್ನೂ ಕೂಡಿಸಿ ತೆರಿಗೆ ಹಾಕಬೇಕೆ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಉತ್ತರವು 1922ರಲ್ಲಿ ಬಂದಿತು. ಆ ವರ್ಷದ ವರಮಾನ ತೆರಿಗೆ ಕಾಯಿದೆ ಏಪ್ರಿಲ್ 1ರಂದು ಜಾರಿಗೆ ಬರುವ ಮೊದಲೇ, ಮಾರ್ಚ್ 21ರಂದು, ಭಾರತ ಸರ್ಕಾರದ ಹಣಕಾಸಿನ ಇಲಾಖೆ 878-ಎಫ್ ಸಂಖ್ಯೆಯ ಅಧಿಸೂಚನೆಯನ್ನು ಹೊರಡಿಸಿತು. ಅದರಲ್ಲಿ ತೆರಿಗೆಯಿಂದ ಬಿಡಲಾದ ಅನೇಕ ಬಾಬುಗಳ ಸಾಲಿನಲ್ಲಿ ಸೈನಿಕರ ಗಾಯದ ಮತ್ತು ಅಂಗವೈಕಲ್ಯದ ವಿಶ್ರಾಂತಿವೇತನವೂ ಸೇರಿದ್ದಿತು. 1961ರ ಹೊಸ ವರಮಾನ ತೆರಿಗೆ ಕಾಯಿದೆ ಬಂದಾಗ ಹಳೆಯ ಕಾಯಿದೆ ರದ್ದಾಯಿತು. ಆದರೆ 297ನೆಯ ವಿಧಿಯ ಉಪವಾಕ್ಯವೊಂದು ಹಳೆಯ ಅಧಿಸೂಚನೆಗಳ ಜೀವವನ್ನು ಉಳಿಸಿತು. ಸ್ವತಂತ್ರ ಭಾರತದಲ್ಲಿ ಗಾಯಗೊಂಡ ಸೈನಿಕನ ತೆರಿಗೆ ವಿನಾಯಿತಿಯು ಹೀಗೆ ಪರಕೀಯ ಸರ್ಕಾರದ ಒಂದು ಆಜ್ಞೆಯನ್ನು ಆಶ್ರಯಿಸಿ ನಿಂತಿತು.

ಈ ಆಶ್ರಯ ಎಷ್ಟು ತೆಳುವಾದುದೆಂಬುದನ್ನು ಹೋಲಿಕೆಯಿಂದ ತಿಳಿಯಬಹುದು. ಪರಮವೀರಚಕ್ರ, ಮಹಾವೀರಚಕ್ರ, ವೀರಚಕ್ರಗಳನ್ನು ಪಡೆದವರ ವಿಶ್ರಾಂತಿವೇತನಕ್ಕೆ ವಿನಾಯಿತಿಯನ್ನು 1961ರ ಕಾಯಿದೆಯ 10ನೆಯ ವಿಧಿಯ 18ನೆಯ ಉಪವಿಧಿಯಲ್ಲಿಯೇ ಬರೆಯಲಾಯಿತು. ಕಾರ್ಯಾಚರಣೆಯಲ್ಲಿ ಮಡಿದ ಸೈನಿಕನ ಕುಟುಂಬಕ್ಕೆ ಬರುವ ವೇತನದ ವಿನಾಯಿತಿ 19ನೆಯ ಉಪವಿಧಿಯಲ್ಲಿ ಸೇರಿತು. ಶೌರ್ಯಕ್ಕೂ ಸಾವಿಗೂ ಸಂಸತ್ತಿನ ಶಾಸನದಲ್ಲಿ ಸ್ಥಾನ ದೊರೆಯಿತು. ಗಾಯಕ್ಕೆ ಮಾತ್ರ ಹಳೆಯ ಅಧಿಸೂಚನೆಯೇ ಗತಿಯಾಯಿತು. ಬೇಗೂರಿನ ಕಲ್ಲಿನ ಕಾಲದಲ್ಲಿದ್ದ ಭೇದ, ಎಂದರೆ ಸತ್ತವನಿಗೆ ಕಲ್ಲು, ಬದುಕಿದವನಿಗೆ ಮೌನ, ಇಲ್ಲಿಯೂ ಒಂದು ರೂಪದಲ್ಲಿ ಮುಂದುವರಿದಂತೆ ತೋರುತ್ತದೆ.

ಸೈನಿಕನ ವಿಷಯ ಹೀಗಿರಲು ಕಾರ್ಮಿಕನ ವಿಷಯವು ಬೇರೊಂದು ಹಾದಿಯನ್ನು ಹಿಡಿಯಿತು. ಪುಣೆಯ ನೆರೆಯ ಖಡಕಿಯಲ್ಲಿ 1869ರಿಂದಲೂ ಮದ್ದುಗುಂಡಿನ ಕಾರ್ಖಾನೆಯಿದ್ದಿತು. ಯಂತ್ರದ ಬಾಯಿಗೆ ಬೆರಳು ಕೊಡುವವರು ರಣರಂಗದಲ್ಲಿ ಮಾತ್ರವೇ ಇದ್ದವರಲ್ಲ. 1923ರಲ್ಲಿ ಅಂಗೀಕೃತವಾಗಿ 1924ರ ಜುಲೈ 1ರಿಂದ ಜಾರಿಗೆ ಬಂದ ಕಾರ್ಮಿಕರ ನಷ್ಟಪರಿಹಾರ ಕಾಯಿದೆಯು ದೇಹದ ಒಂದೊಂದು ಅಂಗಕ್ಕೂ ನೂರರ ಲೆಕ್ಕದಲ್ಲಿ ಬೆಲೆ ಕಟ್ಟಿತು. ಅದರ ಮೊದಲ ಅನುಸೂಚಿಯಲ್ಲಿ ಮೊಣಕೈಯಿಂದ ಮೇಲಕ್ಕೆ ಬಲಗೈ ಹೋದರೆ ಸಂಪಾದನಾಶಕ್ತಿಯಲ್ಲಿ ನೂರಕ್ಕೆ 70, ಎಡಗೈ ಹೋದರೆ 60 ನಷ್ಟವೆಂದು ಎಣಿಸಲಾಗಿತ್ತು. ಈ ಬಲ-ಎಡಗಳ ಭೇದವನ್ನು ಮುಂದಿನ ತಿದ್ದುಪಡಿಗಳಲ್ಲಿ ಕೈಬಿಟ್ಟು, ಪಟ್ಟಿಯನ್ನು ಹೊಸದಾಗಿ ರಚಿಸಿದರು. ಹೊಸ ಪಟ್ಟಿಯಂತೆ ಹೆಬ್ಬೆರಳಿಗೆ 30, ಪೂರ್ಣ ತೋರುಬೆರಳಿಗೆ 14, ನಡುಬೆರಳಿಗೆ 12.

ಈ ಗಣಿತ ನಡೆಯುವ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. 1995ರ ತಿದ್ದುಪಡಿಯ ಅನಂತರ ಶಾಶ್ವತವಾದ ಪೂರ್ಣ ಅಂಗವೈಕಲ್ಯಕ್ಕೆ ತಿಂಗಳ ಕೂಲಿಯ ನೂರಕ್ಕೆ 60ನ್ನು, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕೆಂಬುದು ಸೂತ್ರ. 40 ವರ್ಷದವನ ಗುಣಕ 184.17. ತಿಂಗಳಿಗೆ 15,000 ರೂಪಾಯಿಯ ಕೂಲಿಯವನಾದರೆ 9,000ವನ್ನು 184.17ರಿಂದ ಗುಣಿಸಲು 16,57,530 ರೂಪಾಯಿ ದೊರೆಯುತ್ತದೆ. ಹೆಬ್ಬೆರಳನ್ನು ಮಾತ್ರ ಕಳೆದುಕೊಂಡವನಿಗೆ ಅದರ ನೂರಕ್ಕೆ 30, ಅಂದರೆ 4,97,259 ರೂಪಾಯಿ. ವಯಸ್ಸು ಏರಿದಂತೆ ಗುಣಕವು ಇಳಿಯುತ್ತದೆ. 60ರಲ್ಲಿ ಅದು 117.41 ಮಾತ್ರ. ಮುಂದೆ ದುಡಿಯಬಹುದಾಗಿದ್ದ ವರ್ಷಗಳು ಕಡಮೆಯೆಂಬುದು ಅದಕ್ಕೆ ಕಾರಣ. 2025ರ ನವೆಂಬರ್ 21ರಂದು ಸಾಮಾಜಿಕ ಸುರಕ್ಷತಾ ಸಂಹಿತೆ ಜಾರಿಗೆ ಬಂದಾಗ ಹಳೆಯ ಕಾಯಿದೆ ಅದರಲ್ಲಿ ಲೀನವಾಯಿತು.

ಹೀಗೆ ಒಂದೇ ಕಂತಿನಲ್ಲಿ ಬರುವ ಹಣವನ್ನು ತೆರಿಗೆಯ ಶಾಸ್ತ್ರವು ವರಮಾನವೆಂದು ಕಾಣುವುದಿಲ್ಲ. ಅದು ಮೂಲಧನದ ಸ್ವರೂಪದ್ದು; ಕಳೆದುಹೋದ ಸ್ವತ್ತಿಗೆ ಬದಲಾಗಿ ಬಂದದ್ದು. ಹಣ್ಣಿನ ಮೇಲೆ ತೆರಿಗೆಯುಂಟು, ಕಡಿದುಬಿದ್ದ ಮರದ ಬೆಲೆಯ ಮೇಲಿಲ್ಲ. ಆದರೆ ಅದೇ ನಷ್ಟಕ್ಕಾಗಿ ತಿಂಗಳು ತಿಂಗಳಿಗೂ ಹಣ ಬಂದರೆ ಅದು ನೋಡುವುದಕ್ಕೆ ಸಂಬಳದಂತೆಯೇ ಇರುತ್ತದೆ; ತೆರಿಗೆಯ ಕಾಯಿದೆಯೂ ವಿಶ್ರಾಂತಿವೇತನವನ್ನು ಸಂಬಳದ ಶೀರ್ಷಿಕೆಯಲ್ಲಿಯೇ ಸೇರಿಸಿದೆ. ಇಡಿಗಂಟಾಗಿ ಪಡೆದವನಿಗೆ ವಿನಾಯಿತಿಯ ಆಜ್ಞೆಯೇ ಬೇಕಿಲ್ಲ. ಮಾಸಿಕವಾಗಿ ಪಡೆಯುವವನಿಗೆ ಅದಿಲ್ಲದೆ ರಕ್ಷಣೆಯಿಲ್ಲ. 1922ರ ಅಧಿಸೂಚನೆಯ ಮಹತ್ವ ಇರುವುದು ಇಲ್ಲಿ. ಮಾಸಿಕದ ವೇಷದಲ್ಲಿ ಬಂದರೂ ಇದು ಅಂಗದ ಬೆಲೆಯೇ ಎಂಬುದನ್ನು ಅದು ಒಪ್ಪಿಕೊಂಡಿತು.

ಸ್ವಾತಂತ್ರ್ಯಾನಂತರ ಸೈನಿಕರ ಅಂಗವೈಕಲ್ಯದ ವಿಶ್ರಾಂತಿವೇತನಕ್ಕೆ ವ್ಯವಸ್ಥಿತ ರೂಪ ಕೊಟ್ಟುದು 1961ರ ಭೂಸೇನಾ ವಿಶ್ರಾಂತಿವೇತನ ನಿಯಮಾವಳಿ. ಅದರಂತೆ ಸೇವೆಯಿಂದ ಉಂಟಾದ ಅಥವಾ ಸೇವೆಯಿಂದ ಉಲ್ಬಣಿಸಿದ ವೈಕಲ್ಯವು ನೂರಕ್ಕೆ 20ಕ್ಕೆ ಕಡಮೆಯಿಲ್ಲದಿದ್ದು, ಆ ಕಾರಣದಿಂದ ಸೈನಿಕನು ಸೇವೆಯಿಂದ ಬಿಡುಗಡೆ ಹೊಂದಿದರೆ ಅವನು ಈ ವೇತನಕ್ಕೆ ಅರ್ಹ. ಇಲ್ಲಿ ವೈಕಲ್ಯವೆಂದರೆ ಕೈಕಾಲಿನ ನಷ್ಟ ಮಾತ್ರವಲ್ಲ; ಕಿವುಡು, ಹೃದಯದ ಬೇನೆ, ಮಾನಸಿಕ ವ್ಯಾಧಿಗಳೂ ಸೇರುತ್ತವೆ. ವೇತನದಲ್ಲಿ ಎರಡು ಅಂಶಗಳಿವೆ. ಸಲ್ಲಿಸಿದ ಸೇವೆಗಾಗಿ ಬರುವುದು ಸೇವಾಂಶ. ನಷ್ಟಕ್ಕಾಗಿ ಬರುವುದು ವೈಕಲ್ಯಾಂಶ. 2006ರ ಜನವರಿ 1ರಿಂದ ಜಾರಿಗೆ ಬಂದ ದರದಂತೆ ಸೇವಾಂಶವು ಕೊನೆಯ ವೇತನದ ಅರ್ಧ. ಪೂರ್ಣ ವೈಕಲ್ಯಕ್ಕೆ ವೈಕಲ್ಯಾಂಶವು ಆ ವೇತನದ ನೂರಕ್ಕೆ 30, ಕಡಮೆ ವೈಕಲ್ಯಕ್ಕೆ ಅದೇ ಪ್ರಮಾಣದಲ್ಲಿ ಕಡಮೆ.

ವೈಕಲ್ಯದ ಪ್ರಮಾಣವನ್ನು ನಿರ್ಣಯಿಸುವುದು ವೈದ್ಯಮಂಡಲಿ. ಆದರೆ ದೇಹವನ್ನು ಅಂಕಿಗೆ ಇಳಿಸುವುದು ಸುಲಭವಲ್ಲ. ಒಬ್ಬ ವೈದ್ಯನ 40 ಇನ್ನೊಬ್ಬನ 50 ಆಗಬಹುದು. ಈ ತೊಡಕನ್ನು ನಿವಾರಿಸಲು 1996ರ ಜನವರಿ 1ರಿಂದ ಅನ್ವಯಿಸುವಂತೆ, 2001ರ ಜನವರಿ 31ರ ಆದೇಶದಿಂದ, ಅಂಕಿಗಳನ್ನು ಮೇಲಿನ ಶ್ರೇಣಿಗೆ ಏರಿಸುವ ಕ್ರಮ ಬಂದಿತು. 50ಕ್ಕಿಂತ ಕಡಮೆಯಿದ್ದುದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕೂ ಮೇಲಿನದನ್ನು 100 ಎಂದೂ ಗಣಿಸಬೇಕು. ಕೊನೆಯ ವೇತನ 60,000 ರೂಪಾಯಿಯಿದ್ದು ನೂರಕ್ಕೆ 40ರಷ್ಟು ವೈಕಲ್ಯವುಳ್ಳವನಿಗೆ, ಏರಿಸದಿದ್ದರೆ ವೈಕಲ್ಯಾಂಶ 7,200, ಏರಿಸಿದರೆ 9,000. ಸೇವಾಂಶದ 30,000 ಎರಡು ಸಂದರ್ಭಗಳಲ್ಲಿಯೂ ಒಂದೇ.

ಈ 1,800 ರೂಪಾಯಿಯ ವ್ಯತ್ಯಾಸಕ್ಕಾಗಿ ಸಾವಿರಾರು ಮೊಕದ್ದಮೆಗಳು ನಡೆದವು. ಏಕೆಂದರೆ ಏರಿಕೆಯ ಲಾಭವು ವೈಕಲ್ಯದಿಂದ ಬಿಡುಗಡೆಯಾದವರಿಗೆ ಮಾತ್ರ ಸಲ್ಲುವುದು, ವೈಕಲ್ಯದೊಡನೆಯೇ ಸೇವಾವಧಿಯನ್ನು ಮುಗಿಸಿ ನಿವೃತ್ತರಾದವರಿಗೆ ಸಲ್ಲದು ಎಂದು ಸರ್ಕಾರವು ವಾದಿಸಿತು. 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಾದವನ್ನು ಒಪ್ಪದೆ, ನಿವೃತ್ತರಾದವರಿಗೂ ಏರಿಕೆಯ ಲಾಭವನ್ನು ಎತ್ತಿಹಿಡಿಯಿತು. ಅದಕ್ಕೆ ಮುಂಚೆ, 2013ರ ಜುಲೈ 2ರ ಧರಮವೀರ ಸಿಂಗ್ ಪ್ರಕರಣದಲ್ಲಿ, ಸೇರುವಾಗ ಯಾವ ವ್ಯಾಧಿಯನ್ನೂ ದಾಖಲೆ ಮಾಡದಿದ್ದರೆ ಸೈನಿಕನು ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು, ವ್ಯಾಧಿಯು ಸೇವೆಯಿಂದ ಬಂದುದಲ್ಲವೆಂದು ಸಾಧಿಸುವ ಹೊಣೆ ಸರ್ಕಾರದ್ದು ಎಂದು ಅದೇ ನ್ಯಾಯಾಲಯವು ನಿರ್ಣಯಿಸಿತ್ತು. 2007ರ ಕಾಯಿದೆಯಿಂದ ರಚಿತವಾಗಿ 2009ರಲ್ಲಿ ಕಾರ್ಯಾರಂಭ ಮಾಡಿದ ಸಶಸ್ತ್ರಪಡೆಗಳ ನ್ಯಾಯಮಂಡಲಿಯು ಇಂತಹ ವ್ಯಾಜ್ಯಗಳ ಮುಖ್ಯ ನೆಲೆಯಾಯಿತು. 1871ರಲ್ಲಿ ಮುಚ್ಚಿದ್ದ ಬಾಗಿಲು ಸೈನಿಕನಿಗೆ ಈ ರೀತಿಯಲ್ಲಿ ತೆರೆಯಿತು.

ಗಾಯ ಮುಖ್ಯವೋ, ಗಾಯಗೊಂಡವನು ಸೇವೆಯನ್ನು ಬಿಟ್ಟ ರೀತಿ ಮುಖ್ಯವೋ ಎಂಬ ಈ ಭೇದವು ಮುಂದೆ ತೆರಿಗೆಯ ಕ್ಷೇತ್ರಕ್ಕೂ ವ್ಯಾಪಿಸಿತು. ಕೆಲವು ತೆರಿಗೆ ಅಧಿಕಾರಿಗಳು ವೈಕಲ್ಯಾಂಶಕ್ಕೆ ಮಾತ್ರ ವಿನಾಯಿತಿ, ಸೇವಾಂಶಕ್ಕೆ ಇಲ್ಲವೆಂದು ಎಣಿಸತೊಡಗಿದಾಗ, ನೇರ ತೆರಿಗೆಗಳ ಕೇಂದ್ರ ಮಂಡಲಿಯು 2001ರ ಜುಲೈ 2ರಂದು ಆದೇಶ ಹೊರಡಿಸಿ, ಎರಡು ಅಂಶಗಳೂ ಸೇರಿದಂತೆ ಇಡೀ ವೇತನಕ್ಕೆ ವಿನಾಯಿತಿ ಮುಂದುವರಿಯುವುದೆಂದು ಸ್ಪಷ್ಟಪಡಿಸಿತು. 18 ವರ್ಷಗಳ ಅನಂತರ ಅದೇ ಮಂಡಲಿ 2019ರ ಜೂನ್ 24ರ 13ನೆಯ ಸುತ್ತೋಲೆಯಲ್ಲಿ, ವೈಕಲ್ಯದ ಕಾರಣದಿಂದ ಸೇವೆಯಿಂದ ಬಿಡುಗಡೆಯಾದವರಿಗೆ ಮಾತ್ರ ಈ ವಿನಾಯಿತಿ, ವಯೋನಿವೃತ್ತಿಯಿಂದಲೋ ಬೇರೆ ರೀತಿಯಿಂದಲೋ ನಿವೃತ್ತರಾದವರಿಗೆ ಇಲ್ಲವೆಂದು ತಿಳಿಸಿತು. ನಿವೃತ್ತ ಸೈನಿಕರು ಸರ್ವೋಚ್ಚ ನ್ಯಾಯಾಲಯವನ್ನು ಆಶ್ರಯಿಸಿದರು. 2019ರ ಆಗಸ್ಟ್ 30ರಂದು ನ್ಯಾಯಾಲಯವು ಯಥಾಸ್ಥಿತಿಯನ್ನು ಕಾಪಾಡಬೇಕೆಂದು ಆಜ್ಞಾಪಿಸಿತು.

ಸುತ್ತೋಲೆಯ ಪಕ್ಷದಲ್ಲಿ ಹೇಳಬೇಕಾದುದೂ ಉಂಟು. ರಕ್ತದ ಒತ್ತಡ, ಮಧುಮೇಹ ಮೊದಲಾದ, ಜೀವನಕ್ರಮದಿಂದ ಬರುವ ವ್ಯಾಧಿಗಳು ಸೈನ್ಯದ ಹೊರಗೂ ವ್ಯಾಪಕವಾಗಿವೆ. ಪೂರ್ಣ ಸೇವೆ ಸಲ್ಲಿಸಿ, ಉನ್ನತ ಪದವಿಗೇರಿ, ನಿವೃತ್ತಿಯ ಹೊಸ್ತಿಲಿನಲ್ಲಿ ಇಂತಹ ವ್ಯಾಧಿಗಾಗಿ ವೈಕಲ್ಯವನ್ನು ಬರೆಯಿಸಿಕೊಂಡವನ ಸಮಗ್ರ ವಿಶ್ರಾಂತಿವೇತನವು ತೆರಿಗೆಯಿಲ್ಲದೆ ಉಳಿಯುವುದಾದರೆ, ಕಾಲು ಕಳೆದುಕೊಂಡು ಇಪ್ಪತ್ತೈದನೆಯ ವಯಸ್ಸಿನಲ್ಲಿ ಊರಿಗೆ ಮರಳಿದ ಸಿಪಾಯಿಗೆ ಆಗುವ ಲಾಭಕ್ಕಿಂತ ಅವನಿಗೆ ಆಗುವ ಲಾಭವೇ ದೊಡ್ಡದು. ಸಿಪಾಯಿಯ ವೇತನವು ತೆರಿಗೆಯ ಮಿತಿಯನ್ನೇ ಮುಟ್ಟದೆ ಇರಬಹುದು. ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಈ ರೋಗಕ್ಕೆ ಸುತ್ತೋಲೆಯು ಹಿಡಿದ ಮದ್ದು ಬೇರೊಂದು ಅನ್ಯಾಯಕ್ಕೆ ಎಡೆಗೊಡುತ್ತದೆ. 1971ರ ಯುದ್ಧದಲ್ಲಿ ಸಿಲ್‌ಹಟ್ ಕ್ಷೇತ್ರದಲ್ಲಿದ್ದ ಗೂರ್ಖಾ ಪಡೆಯ ಅಧಿಕಾರಿ ಇಯಾನ್ ಕಾರ್ಡೋಜೋ ಅವರು ನೆಲಬಾಂಬಿನ ಮೇಲೆ ಕಾಲಿಟ್ಟು, ಛಿದ್ರವಾದ ತಮ್ಮ ಕಾಲನ್ನು ತಮ್ಮ ಖುಕುರಿಯಿಂದಲೇ ಕತ್ತರಿಸಿಕೊಂಡರು. ಕೃತಕ ಕಾಲಿನೊಡನೆ ಸೇವೆಯಲ್ಲಿಯೇ ಉಳಿದು, ಪದಾತಿದಳದ ಬೆಟಾಲಿಯನ್ನಿನ ನಾಯಕತ್ವ ವಹಿಸಿದ ಮೊದಲ ಅಂಗವಿಕಲ ಅಧಿಕಾರಿಯೆನಿಸಿ, ಮುಂದೆ ಮೇಜರ್ ಜನರಲ್ ಪದವಿಗೇರಿದರು. ಇಂತಹವರು ಸೇವೆಯನ್ನು ತೊರೆದು ಹೋಗಿದ್ದರೆ ವಿನಾಯಿತಿ; ಕೃತಕ ಕಾಲಿನಲ್ಲಿ ನಡೆದು ಸೇವೆಯನ್ನು ಪೂರೈಸಿದರೆ ತೆರಿಗೆ ಎಂಬುದು ಸುತ್ತೋಲೆಯ ತರ್ಕದ ಫಲ. ಎರಡು ಸಂದರ್ಭಗಳಲ್ಲಿಯೂ ಕಾಲು ಹೋದುದು ಒಂದೇ. ಯುದ್ಧಗಾಯದ ವೇತನದ ದರದಲ್ಲಿಯೂ ಇದೇ ಭೇದವಿದ್ದಿತೆಂಬುದು ನಿಜ. ಪೂರ್ಣ ವೈಕಲ್ಯಕ್ಕೆ ಗಾಯದಿಂದ ಬಿಡುಗಡೆಯಾದವನಿಗೆ ಕೊನೆಯ ವೇತನದಷ್ಟು, ನಿವೃತ್ತನಾದವನಿಗೆ ಅದರ ನೂರಕ್ಕೆ 60. ಆದರೆ ಆ ಭೇದಕ್ಕೆ ಆಧಾರವುಂಟು. ಬಿಡುಗಡೆಯಾದವನು ಮುಂದಿನ ಸಂಪಾದನೆಯನ್ನೂ ಕಳೆದುಕೊಂಡಿರುತ್ತಾನೆ. ಆ ಹೆಚ್ಚಿನ ನಷ್ಟಕ್ಕೆ ಹೆಚ್ಚಿನ ಹಣವು ಸಂದಮೇಲೆ, ಉಳಿದ ನಷ್ಟವನ್ನು ತೆರಿಗೆಯ ದೃಷ್ಟಿಯಲ್ಲಿ ನಷ್ಟವೇ ಅಲ್ಲವೆಂದು ಎಣಿಸುವುದು ಬೇರೆಯ ಮಾತು.

2023ರ ಸೆಪ್ಟೆಂಬರ್ 21ರಂದು ಜಾರಿಗೆ ಬಂದ ಹೊಸ ನಿಯಮಗಳಲ್ಲಿ ಹೆಸರೂ ಬೇರೆಯಾಯಿತು. ವೈಕಲ್ಯವಿದ್ದರೂ ಸೇವೆಯಲ್ಲಿ ಉಳಿದು ಅವಧಿಯನ್ನು ಮುಗಿಸಿದವರಿಗೆ ಸಲ್ಲುವುದನ್ನು ವಿಶ್ರಾಂತಿವೇತನದ ಅಂಶವೆನ್ನದೆ ‘ಇಂಪೇರ್‌ಮೆಂಟ್ ರಿಲೀಫ್’, ಅಂದರೆ ದೇಹದ ಕುಂದಿಗೆ ಕೊಡುವ ನೆರವು, ಎಂದು ಕರೆದರು. ಹೆಸರು ಬದಲಾದರೆ ಹಕ್ಕಿನ ಸ್ವರೂಪವೂ ಬದಲಾಗುವುದೆಂಬುದನ್ನು ‘ಮಾನ್ಯ’, ‘ಇನಾಮು’, ‘ಪಿಂಚಣಿ’ಗಳ ಇತಿಹಾಸವನ್ನು ಬಲ್ಲವರು ಅರಿತೇ ಇದ್ದಾರೆ.

ಸೈನ್ಯದ ಹೊರಗಿನ ಅಂಗವಿಕಲರ ಸ್ಥಿತಿಯನ್ನೂ ಇಲ್ಲಿ ಗಮನಿಸಬೇಕು. 1961ರ ಕಾಯಿದೆಯ 80-ಯು ವಿಧಿಯಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳವರ ವರಮಾನದಿಂದ 75,000 ರೂಪಾಯಿಯನ್ನೂ, 80ಕ್ಕೆ ಕಡಮೆಯಿಲ್ಲದ ತೀವ್ರ ವೈಕಲ್ಯವುಳ್ಳವರ ವರಮಾನದಿಂದ 1,25,000 ರೂಪಾಯಿಯನ್ನೂ ಕಳೆಯುವ ಅವಕಾಶವಿದ್ದಿತು. ಆದರೆ 2020ರಲ್ಲಿ ಬಂದ ಹೊಸ ತೆರಿಗೆ ಕ್ರಮವನ್ನು ಆರಿಸಿಕೊಂಡವರಿಗೆ ಈ ಕಳೆತವು ಲಭಿಸಲಿಲ್ಲ. ಇದು ಪರಿಹಾರದ ಹಣಕ್ಕೆ ಕೊಟ್ಟ ವಿನಾಯಿತಿಯಲ್ಲ. ವೈಕಲ್ಯದಿಂದ ಬದುಕಿನ ವೆಚ್ಚ ಏರುವುದೆಂಬುದಕ್ಕೆ ಕೊಟ್ಟ ಮನ್ನಣೆ. ಎರಡನ್ನೂ ಒಂದೆಂದು ಬಗೆಯುವುದರಿಂದ ಅನೇಕ ಗೊಂದಲಗಳು ಹುಟ್ಟಿವೆ. ಇನ್ನು ವಾಹನಾಪಘಾತದ ಪರಿಹಾರದ ವಿಷಯದಲ್ಲಿ, ಸುತ್ತೋಲೆ ಹೊರಟ 2019ರಲ್ಲಿಯೇ, ಮುಂಬಯಿಯ ಉಚ್ಚ ನ್ಯಾಯಾಲಯವು ಒಂದು ಮಹತ್ತ್ವದ ತೀರ್ಪನ್ನು ಕೊಟ್ಟಿತು. ಅರ್ಜಿ ಸಲ್ಲಿಸಿದ ದಿನದಿಂದ ತೀರ್ಪಿನ ದಿನದವರೆಗೆ ಸೇರಿದ ಬಡ್ಡಿಯು ಪರಿಹಾರದ ಭಾಗವೇ ಹೊರತು ವರಮಾನವಲ್ಲ ಎಂಬುದು ಅದರ ಸಾರ. ನ್ಯಾಯ ತಡವಾದುದರಿಂದ ಬಂದ ಹಣವು ಗಳಿಕೆಯೆನಿಸದೆಂಬ ಈ ತತ್ತ್ವಕ್ಕೂ, ಗಾಯಕ್ಕಾಗಿ ಬಂದ ಹಣವು ವರಮಾನವಲ್ಲವೆಂಬ 1922ರ ತತ್ತ್ವಕ್ಕೂ ಬೇರು ಒಂದೇ.

ಪುಣೆಯ ನೆಲದಲ್ಲಿಯೇ ಈ ಇತಿಹಾಸದ ಇನ್ನೊಂದು ಮುಖವನ್ನು ಕಾಣಬಹುದು. 1965ರ ಯುದ್ಧದಲ್ಲಿ ಗುಂಡುಗಳಿಂದ ಗಾಯಗೊಂಡು ಸೊಂಟದ ಕೆಳಗಿನ ಸ್ವಾಧೀನವನ್ನು ಕಳೆದುಕೊಂಡ ಮುರಳಿಕಾಂತ ಪೇಟ್ಕರ್ ಅವರು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ನಡೆದ ಪ್ಯಾರಾಲಿಂಪಿಕ್ ಕ್ರೀಡೆಗಳ 50 ಮೀಟರ್ ಈಜಿನಲ್ಲಿ ಚಿನ್ನದ ಪದಕ ಗೆದ್ದು, ಆ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಚಿನ್ನವನ್ನು ತಂದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ ಖಡಕಿಯಲ್ಲಿ 1974ರಲ್ಲಿ ಪುನರ್ವಸತಿ ಕೇಂದ್ರವು ಸ್ಥಾಪಿತವಾಯಿತು. ಅಂಗವನ್ನು ಕಳೆದುಕೊಂಡವನು ದುಡಿಯಬಲ್ಲ, ಗೆಲ್ಲಬಲ್ಲ ಎಂಬುದನ್ನು ಈ ಸಂಸ್ಥೆಗಳು ತೋರಿಸಿವೆ. ಆದರೆ ಅವನು ದುಡಿದನೆಂಬ ಕಾರಣದಿಂದಲೇ ಅವನ ನಷ್ಟ ಅಳಿಸಿಹೋಗುವುದಿಲ್ಲ.

1961ರ ವರಮಾನ ತೆರಿಗೆ ಕಾಯಿದೆಯ ಸ್ಥಾನದಲ್ಲಿ 2025ರ ಹೊಸ ಕಾಯಿದೆಯು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿತವಾಯಿತು. 1922ರಿಂದ ಒಂದು ಕಾಯಿದೆಯಿಂದ ಇನ್ನೊಂದಕ್ಕೆ ದಾಟುತ್ತ ಬಂದ ಈ ವಿನಾಯಿತಿಯ ಚರಿತ್ರೆಯಿಂದ ವ್ಯಕ್ತವಾಗುವುದು ಇಷ್ಟು. ಪರಿಹಾರವನ್ನು ಕೊಡುವ ಇಲಾಖೆ ಒಂದು, ತೆರಿಗೆಯನ್ನು ವಸೂಲುಮಾಡುವ ಇಲಾಖೆ ಇನ್ನೊಂದು, ವೈಕಲ್ಯವನ್ನು ಅಳೆಯುವ ಮಂಡಲಿ ಮತ್ತೊಂದು. ಇವುಗಳ ನಡುವೆ ಕಾಗದಗಳನ್ನು ಹೊತ್ತು ತಿರುಗುವವನು ಗಾಯಗೊಂಡವನೇ. ವಿಶ್ರಾಂತಿವೇತನದ ಆದೇಶಪತ್ರದಲ್ಲಿ ಸೇವಾಂಶವೆಷ್ಟು, ವೈಕಲ್ಯಾಂಶವೆಷ್ಟು, ಸೇವೆಯಿಂದ ಬಿಡುಗಡೆಗೆ ಕಾರಣವೇನು ಎಂಬ ಮೂರು ಸಾಲುಗಳ ಮೇಲೆ ಅವನ ಮನೆಯ ಆಯವ್ಯಯವೆಲ್ಲ ನಿಂತಿರುತ್ತದೆ. ಸಾವಿರ ವರ್ಷಗಳ ಹಿಂದಿನ ಶಾಸನಕಾರನು ಕೊಡುಗೆಯನ್ನೂ ಅದರ ತೆರಿಗೆಯ ಬಿಡುವಿಕೆಯನ್ನೂ ಒಂದೇ ಕಲ್ಲಿನ ಮೇಲೆ, ಒಂದೇ ಉಸಿರಿನಲ್ಲಿ ಕೆತ್ತುತ್ತಿದ್ದನು. ಓದಿದವರಿಗೆ ಸಂಶಯಕ್ಕೆ ಎಡೆಯಿರುತ್ತಿರಲಿಲ್ಲ.